ಹೆಜ್ಜಾರ್ಲೆಯ ಹೆಸರಿನ ತಂಡ

ಮಕ್ಕಳೇ, ನಿಮ್ಮ ಶಾಲೆಯ ಆಟದ ತಂಡಕ್ಕೆ ಒಂದು ಪ್ರಾಣಿಯ ಹೆಸರಿಡಿ ಎಂದರೆ ಯಾವುದನ್ನು ಆರಿಸುತ್ತೀರಿ? ಹುಲಿ, ಸಿಂಹ, ಹದ್ದು. ನನ್ನ ಮೊಮ್ಮಗನೂ ಹೀಗೇ ಹೇಳಿದ. ಕೊಕ್ಕಿನ ಕೆಳಗೆ ಚೀಲ ಜೋತಾಡಿಸಿಕೊಂಡು, ನೆಲದ ಮೇಲೆ ಓಲಾಡುತ್ತ ನಡೆಯುವ ಹೆಜ್ಜಾರ್ಲೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅಮೆರಿಕದ ಒಂದು ಬಾಸ್ಕೆಟ್‌ಬಾಲ್ ತಂಡ ಅದನ್ನೇ ಇಟ್ಟುಕೊಂಡಿದೆ!

ಅಲ್ಲಿನ ದೊಡ್ಡ ಲೀಗ್ ಎನ್‌ಬಿಎ. ದನದ ವ್ಯಾಪಾರಕ್ಕೆ ಹೆಸರಾಗಿದ್ದ ಚಿಕಾಗೋ ನಗರದ ತಂಡಕ್ಕೆ ಗೂಳಿಯೇ ಗುರುತು. 1966ರಲ್ಲಿ ಬರೆದ ಆ ಕೆಂಪು ಗೂಳಿಯ ಮುಖ ಇವತ್ತಿಗೂ ಬದಲಾಗಿಲ್ಲ. ಟೊರಾಂಟೊ ತಂಡದವರು 1995ರಲ್ಲಿ ಡೈನೋಸಾರ್ ಹಿಡಿದು ತಂದರು. ಅದಕ್ಕೆ ಎರಡು ವರ್ಷ ಮುಂಚೆ ‘ಜುರಾಸಿಕ್ ಪಾರ್ಕ್’ ಸಿನಿಮಾ ಬಂದಿತ್ತಲ್ಲ! ಇನ್ನು ಕೆನಡಾದ ವ್ಯಾಂಕೂವರ್‌ನ ‘ಗ್ರಿಜ್ಲಿ’ ಕರಡಿ ತಂಡ 2001ರಲ್ಲಿ ಮೆಂಫಿಸ್‌ಗೆ ಗುಳೆ ಹೋಯಿತು. ಆ ಸೀಮೆಯ ಕಾಡಿನಲ್ಲಿ ಗ್ರಿಜ್ಲಿ ಕರಡಿಯೇ ಇಲ್ಲ. ಆದರೂ ಹೆಸರು ಹಾಗೇ ಉಳಿದಿದೆ.

ನ್ಯೂ ಆರ್ಲಿಯನ್ಸ್ ನಗರದ ಕಥೆ ಇನ್ನೂ ವಿಚಿತ್ರ. ಜಾಝ್ ಸಂಗೀತ ಹುಟ್ಟಿದ ಊರು ಅದು, ತಂಡದ ಹೆಸರೂ ಜಾಝ್. 1979ರಲ್ಲಿ ಆ ತಂಡ ಹೆಸರಿನ ಸಮೇತ ಯೂಟಾ ರಾಜ್ಯಕ್ಕೆ ಹೊರಟುಹೋಯಿತು. 2002ರಲ್ಲಿ ಷಾರ್ಲಟ್ ನಗರದಿಂದ ‘ಹಾರ್ನೆಟ್ಸ್’, ಅಂದರೆ ಕಣಜದ ಹುಳುಗಳ ತಂಡ ಬಂತು. ಅದೂ ಎರವಲು ಹೆಸರೇ. ಕೊನೆಗೆ 2013ರಲ್ಲಿ ತಂಡದವರು ತಮ್ಮ ನೆಲದ್ದೇ ಹೆಸರು ಆರಿಸಿಕೊಂಡರು: ಪೆಲಿಕನ್ಸ್. ಪೆಲಿಕನ್ ಎಂದರೆ ನಮ್ಮ ಹೆಜ್ಜಾರ್ಲೆ. ಇದೆಂಥ ಹೆಸರು ಎಂದು ಬಹಳ ಜನ ನಕ್ಕರು.

ನಕ್ಕವರಿಗೆ ಆ ಹಕ್ಕಿಯ ಪಾಡು ಗೊತ್ತಿರಲಿಲ್ಲವೇನೋ. ಲೂಸಿಯಾನ ರಾಜ್ಯದ ಕಡಲ ತೀರದಲ್ಲಿ ಕಂದು ಹೆಜ್ಜಾರ್ಲೆಗಳು ಹಿಂಡುಹಿಂಡಾಗಿದ್ದವು. ಹೊಲಕ್ಕೆ ಹೊಡೆದ ಕೀಟನಾಶಕ ನದಿಗೆ ಸೇರಿ, ಮೀನಿಗೆ ಸೇರಿ, ಮೀನು ತಿಂದ ಹಕ್ಕಿಯ ಮೈಗೂ ಸೇರಿತು. ಕೆಲವು ವಿಷದಿಂದಲೇ ಸತ್ತವು. ಡಿಡಿಟಿಯಿಂದ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆದುಹೋಗುತ್ತಿತ್ತು. 1960ರ ದಶಕದ ಮೊದಲ ವರ್ಷಗಳಲ್ಲೇ ಅಲ್ಲಿ ಒಂದೂ ಗೂಡು ಉಳಿಯಲಿಲ್ಲ. ತಮಾಷೆ ನೋಡಿ, 1966ರಲ್ಲಿ ಸರ್ಕಾರ ಅದನ್ನು ಅಧಿಕೃತ ರಾಜ್ಯಪಕ್ಷಿ ಎಂದು ಘೋಷಿಸಿತು! ಬ್ಯಾಂಕಿನವನಾದ ನನಗೆ ಲೆಡ್ಜರಿನಲ್ಲಿ ಮಾತ್ರ ಇದ್ದು ತಿಜೋರಿಯಲ್ಲಿ ಇಲ್ಲದ ಹಣದಂತೆ ಕಾಣುತ್ತದೆ ಇದು.

ಆದರೆ ಅವರು ಸುಮ್ಮನೆ ಕೂರಲಿಲ್ಲ. 1968ರಿಂದ ಫ್ಲಾರಿಡಾದ ಮರಿಗಳನ್ನು ತಂದು ಬಿಡತೊಡಗಿದರು. ಹನ್ನೆರಡು ವರ್ಷಗಳಲ್ಲಿ ತಂದ ಮರಿಗಳು ಸಾವಿರಕ್ಕೂ ಹೆಚ್ಚು. 1972ರಲ್ಲಿ ದೇಶದಲ್ಲಿ ಡಿಡಿಟಿಯನ್ನೂ ನಿಷೇಧಿಸಿದರು. ನಿಧಾನವಾಗಿ ಸಂಸಾರ ಬೆಳೆಯಿತು. 2009ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಅದರ ಹೆಸರು ತೆಗೆದರು. ನಾಲ್ಕೇ ವರ್ಷಕ್ಕೆ ಅದು ಆಟಗಾರರ ಎದೆಯ ಮೇಲೆ ಬಂತು. (ಇದರ ಬೂದು ಬಣ್ಣದ ನೆಂಟರನ್ನು ನೋಡಬೇಕೆ? ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಊರೊಳಗಿನ ಮರಗಳಲ್ಲೇ ಅವುಗಳ ಬಾಣಂತನ.)

ನಮ್ಮಲ್ಲಿ ಹುಲಿವೇಷ ಕುಣಿಯುವಂತೆ ಎನ್‌ಬಿಎ ಆಟದ ನಡುವೆ ತಂಡದ ಪ್ರಾಣಿಯ ವೇಷ ಹಾಕಿದವರು ಕುಣಿಯುತ್ತಾರೆ. ಅದಕ್ಕೆ ಮ್ಯಾಸ್ಕಾಟ್ ಎನ್ನುತ್ತಾರೆ. ಹೊಸ ಹೆಜ್ಜಾರ್ಲೆಯ ಹೆಸರು ಪಿಯರ್. 2013ರ ಅಕ್ಟೋಬರಿನಲ್ಲಿ ಅದು ಅಂಗಳಕ್ಕೆ ಬಂದಾಗ, ಬೆಳ್ಳನೆ ಮುಖ, ಮಿಟುಕದ ಗುಂಡು ಕಣ್ಣು ನೋಡಿ ದೊಡ್ಡವರೇ ಬೆಚ್ಚಿದರು! ಮುಖ ಬದಲಾಯಿಸಲೇಬೇಕಾಯಿತು. ತಂಡದವರು ಜಾಣರು. ಮುಂದಿನ ಫೆಬ್ರವರಿಯಲ್ಲಿ, ಪಿಯರ್ ಆಡುವಾಗ ಕೊಕ್ಕು ಮುರಿದುಕೊಂಡಿದ್ದಾನೆ, ಶಸ್ತ್ರಚಿಕಿತ್ಸೆ ಆಗಿದೆ ಎಂದು ಗಂಭೀರವಾಗಿ ಪ್ರಕಟಿಸಿದರು. ಆಮೇಲೆ ಅಂಗಳಕ್ಕೆ ಬಂದ ಪಿಯರ್‌ಗೆ ಹೊಸ ಕೊಕ್ಕು, ಸೌಮ್ಯ ಕಣ್ಣು, ತುಸು ನಗುಮುಖ.