ಕೊಡಲಿ ಹಿಡಿದವಳನ್ನೂ ನೋಡಿ

ರಕ್ತ ಚೆಲ್ಲುವ ಕಾಮಿಕ್ಸ್ ಓದಿ ನೆಮ್ಮದಿ ಕಾಣುವವರ ಮನಸ್ಸು ಮರಗಟ್ಟಿದೆ ಎಂದು ಕಳೆದ ವಾರದ ಲೇಖನವೊಂದು ತೀರ್ಪು ಕೊಟ್ಟಿದೆ. ಉದಾಹರಣೆಗೆ ಎತ್ತಿಕೊಂಡದ್ದು ಸ್ಕಾಟಿ ಯಂಗ್ ಅವರ ‘ಐ ಹೇಟ್ ಫೇರಿಲ್ಯಾಂಡ್’. ಆ ಲೇಖನ ಬರೆದವರು ಕೊಡಲಿಯನ್ನಷ್ಟೇ ನೋಡಿದ್ದಾರೆ, ಅದನ್ನು ಹಿಡಿದವಳನ್ನು ನೋಡಿಲ್ಲ.

2015ರಲ್ಲಿ ಇಮೇಜ್ ಕಾಮಿಕ್ಸ್ ಹೊರತಂದ ಈ ಸರಣಿಯ ಕೊಡಲಿ ಹಿಡಿದ ನಾಯಕಿ ಗರ್ಟ್ರೂಡ್, ಪುಟ್ಟ ಹುಡುಗಿಯಾಗಿದ್ದಾಗ ಮಾಯಾಲೋಕಕ್ಕೆ ಬಿದ್ದವಳು. ಮನೆಗೆ ಮರಳುವ ಕೀಲಿಕೈ ಹುಡುಕುತ್ತಲೇ 27 ವರ್ಷ ಕಳೆದಿವೆ. ವಯಸ್ಸು ಮೂವತ್ತು ದಾಟಿದೆ, ಮೈ ಮಾತ್ರ ಬೆಳೆದಿಲ್ಲ. ಸುತ್ತ ಮಿಠಾಯಿ ಬಣ್ಣಗಳು, ನಗುಮುಖಗಳು. ಮನಸಾರೆ ಬೈಯಲೂ ಬಿಡದ ಲೋಕವದು. ಬೈಗುಳ ಬಾಯಿಂದ ಹೊರಡುವಷ್ಟರಲ್ಲಿ ಮುದ್ದು ಮಾತಾಗಿರುತ್ತದೆ. ಮೊದಲ ಸಂಚಿಕೆಯಲ್ಲೇ ಅವಳು ತನ್ನ ಕತೆ ಹೇಳುವ ಚಂದ್ರನನ್ನು ಗುಂಡಿಟ್ಟು ಕೊಲ್ಲುತ್ತಾಳೆ. ಆ ಸಿಟ್ಟಿನ ಹಿಂದೆ ಇರುವುದು ಮನೆಯ ಹಂಬಲ.

ನನ್ನ ಅಪ್ಪ ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಬಂದವರೆಲ್ಲ ‘ಎಲ್ಲ ಸರಿಹೋಗುತ್ತೆ, ನಗ್ತಾ ಇರು’ ಎನ್ನುತ್ತಿದ್ದರು. ಹೂಂಗುಟ್ಟಿ ಹೂಂಗುಟ್ಟಿ ಗಂಟಲು ಕಟ್ಟುತ್ತಿತ್ತು. ರಾತ್ರಿ ಅಪ್ಪನಿಗೆ ನಿದ್ದೆ ಹತ್ತಿದ ಮೇಲೆ ಈ ಪುಸ್ತಕ ತೆರೆಯುತ್ತಿದ್ದೆ. ನಾನು ಕಿರುಚಲಾಗದ್ದನ್ನು ಗರ್ಟ್ರೂಡ್ ಕಿರುಚುತ್ತಿದ್ದಳು. ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈಯಲ್ಲಿ ಅಸಹನೆ ಇರುತ್ತಿರಲಿಲ್ಲ. ಇದು ಮರಗಟ್ಟಿದ ಮನಸ್ಸೇ?

ಈ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಾರದು ಎಂಬುದನ್ನು ಒಪ್ಪುತ್ತೇನೆ; ಇದು ದೊಡ್ಡವರಿಗೆಂದೇ ಬರೆದ ಸರಣಿ. ಆದರೆ ದೊಡ್ಡವರ ದುಃಖಕ್ಕೆ ಯಾವ ಔಷಧಿ ಒಗ್ಗಬೇಕೆಂದು ಹೊರಗಿನವರು ಚೀಟಿ ಬರೆದುಕೊಡುವುದನ್ನು ಒಪ್ಪಲಾರೆ.