ಹೆಸರಿಲ್ಲದ ಚಿತ್ರ ಯಾರ ಪರಂಪರೆ?

ಕಂಪನಿ ನಾಟಕಗಳ ಹಳೆಯ ಪ್ರಚಾರಚಿತ್ರಗಳನ್ನು ಹಂಚಿಕೊಳ್ಳುವುದು ಈಗೊಂದು ಹವ್ಯಾಸ. ಬಣ್ಣದ ಪರದೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ನರ್ತಕಿ. ಕೆಳಗೆ ‘ಹಳೆಯ ಕಾಲದ ರಂಗನಟಿ’ ಎಂಬ ಒಂದು ಸಾಲು. ಅವಳು ಯಾರು, ಯಾವ ಕಂಪನಿಯವಳು ಎಂದು ಕೇಳುವವರು ಕಡಿಮೆ. ಇದನ್ನು ನಾವು ಪರಂಪರೆಯ ಪ್ರೀತಿ ಎನ್ನುತ್ತೇವೆ. ನನಗಿದು ಬರಿಯ ನೋಟದ ಚಪಲವಾಗಿ ಕಾಣುತ್ತದೆ.

ಪರಂಪರೆಯ ಮಾತಾಡುವವರು ಪಟ್ಟದಕಲ್ಲಿನ ಶಾಸನಗಳನ್ನು ಓದಬೇಕು. 8ನೇ ಶತಮಾನದ ವಿರೂಪಾಕ್ಷ ಗುಡಿಯಲ್ಲಿ ಅದನ್ನು ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಷ್ಟೇ ಇಲ್ಲ, ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಇದೆ. ಗಾಯಕರಿಗೆ ಹಿಂದೆ ಕೊಟ್ಟಿದ್ದ ಹಕ್ಕುಗಳನ್ನು ರಾಣಿ ಮತ್ತೆ ಖಾತ್ರಿಪಡಿಸಿದ್ದು ದಾಖಲಾಗಿದೆ. ಭರತಮತದ ನಟರ ಗೆಲುವನ್ನು ಹೇಳುವ ಪದ್ಯದೊಡನೆ ಅಚಲ ಎಂಬ ಹೆಸರಿದೆ. ರಾಷ್ಟ್ರಕೂಟ ಧ್ರುವನ ಕಾಲದ ಶಾಸನವೊಂದು ದೇಗುಲದ ಸೂಳೆ ಬಾದಿಪೊದ್ದಿ ಕೊಟ್ಟ ದಾನವನ್ನು ಹೇಳುತ್ತದೆ. ಅವಳ ವೃತ್ತಿಯನ್ನು ಬರೆದ ಕಲ್ಲು ಹೆಸರನ್ನು ಬರೆಯಲು ನಾಚಲಿಲ್ಲ.

ಅಲ್ಲಿಂದ ಮೂವತ್ತು ಕಿಲೋಮೀಟರಿನೊಳಗೆ, ಬಾದಾಮಿಯ ಆಚೆ, ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ನಾಟಕ ಕಂಪನಿಗಳು ಇಲ್ಲಿ ಡೇರೆ ಹಾಕುತ್ತವೆ, ವಾರಗಟ್ಟಲೆ ಆಡುತ್ತವೆ. ಜನರನ್ನು ಟಿಕೆಟ್ ಕಿಟಕಿಗೆ ಎಳೆದುತಂದದ್ದರಲ್ಲಿ ಹ್ಯಾಂಡ್‌ಬಿಲ್ಲಿನ, ಗೋಡೆಯ ಪೋಸ್ಟರಿನ ನರ್ತಕಿಯ ಮುಖದ ಪಾಲೂ ಇದೆ. ಮುಖ ದುಡಿಯಿತು, ಹೆಸರು ಉಳಿಯಲಿಲ್ಲ. ಇದೇ ಜಿಲ್ಲೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ, ಗೋಹರ್‌ಬಾಯಿ ಅಕ್ಕತಂಗಿಯರ ಹೆಸರು ಉಳಿದಿದೆ. ಅವರ ದನಿ ಗ್ರಾಮಫೋನ್ ತಟ್ಟೆಗೆ ಇಳಿಯಿತು, ಮುಖ ಸಿನಿಮಾಕ್ಕೆ ಹೋಯಿತು. ಕುಣಿದವಳ ಹೆಜ್ಜೆಗೆ ಅಂಥ ತಟ್ಟೆ ಇರಲಿಲ್ಲ. ಅವಳಿಗಿದ್ದದ್ದು ಫೋಟೋ ಒಂದೇ.

ಹೊರದೇಶದ ಕಥೆ ಪೂರಾ ಬೇರೆಯೇನಲ್ಲ. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ನಟನಟಿಯರ ಚಿತ್ರ ತೆಗೆದು ಮಾರುತ್ತಿದ್ದ. ಕಾರ್ಡಿನ ಮೇಲೆ ತನ್ನ ಸಹಿಯನ್ನು ಎದ್ದುಕಾಣುವಂತೆ ಅಚ್ಚು ಹಾಕಿಸುತ್ತಿದ್ದ. ಫೋಟೋಕ್ಕೂ ಕೃತಿಸ್ವಾಮ್ಯ ಉಂಟೆಂದು 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು ಅವನ ಮೊಕದ್ದಮೆಯಲ್ಲೇ. ಹಕ್ಕು ಸಿಕ್ಕಿದ್ದು ಕ್ಯಾಮೆರಾ ಹಿಂದಿದ್ದವನಿಗೆ, ಮುಂದೆ ನಿಂತವರಿಗಲ್ಲ.

‘ಅವು ಬರೀ ಜಾಹೀರಾತು, ಅದಕ್ಕೇಕೆ ಇಷ್ಟು ಮಾತು?’ ಎನ್ನುವವರಿದ್ದಾರೆ. ಜಾಹೀರಾತಾದ್ದರಿಂದಲೇ ಮಾತು: ಅದು ಕೂಲಿಯ ದಾಖಲೆ. ‘ಹೆಸರು ಬಯಲಾದರೆ ಮನೆಯವರಿಗೆ ಮುಜುಗರ’ ಎಂಬ ಮಾತಿಗೆ ತೂಕವಿದೆ. ಹಾಗಿದ್ದರೆ ಮನೆಯವರನ್ನು ಕೇಳಿ. ಅವರು ಬೇಡವೆಂದರೆ ಚಿತ್ರವನ್ನೂ ಬಿಡಿ. ಮುಖವನ್ನು ಊರಿಗೆಲ್ಲ ತೋರಿಸಿ ಹೆಸರನ್ನಷ್ಟೇ ಮುಚ್ಚಿಡುವುದು ಯಾವ ಮರ್ಯಾದೆ?

ವಿದ್ಯಾರ್ಥಿ ಮಿತ್ರರೇ, ಇಂಥ ಚಿತ್ರ ಕೈಗೆ ಬಂದರೆ ಮೊದಲು ಅದರ ಬೆನ್ನು ತಿರುವಿ ನೋಡಿ. ಸ್ಟುಡಿಯೋದ ಮುದ್ರೆ, ಊರು, ಇಸವಿ ಬರೆದುಕೊಳ್ಳಿ. ಕಂಪನಿಯ ಹಳೆಯ ಹಾರ್ಮೋನಿಯಂ ಮಾಸ್ತರರು, ತಬಲಾದವರು ಇನ್ನೂ ಇರುವಾಗಲೇ ಹೋಗಿ ಕೇಳಿ. ಹೆಸರು ಸಿಗದಿದ್ದರೆ ‘ಹೆಸರು ಸಿಕ್ಕಿಲ್ಲ, ಹುಡುಕುತ್ತಿದ್ದೇವೆ’ ಎಂದು ಬರೆಯಿರಿ. ‘ಹಳೆಯ ಕಾಲದ ರಂಗನಟಿ’ ಎಂದು ಮಾತ್ರ ಬರೆಯಬೇಡಿ.