ಮೈನೋವಿನ ಮರೆಯ ಮನೋವ್ಯಥೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಹಳ್ಳಿಗಳಿಂದ ದವಾಖಾನೆಗೆ ಬರುವ ಹೆಣ್ಣುಮಕ್ಕಳ ಬಾಯಲ್ಲಿ ‘ಖಿನ್ನತೆ’ ಎಂಬ ಶಬ್ದ ಕೇಳಿಬರುವುದು ವಿರಳ. ತಲೆಶೂಲೆ, ಕೈಕಾಲು ಸೆಳೆತ, ಎದೆಯುರಿ, ನಿದ್ರೆ ಬಾರದಿರುವುದು—ಇವೇ ಅವರ ದೂರುಗಳು. ಬಹಳವಾದರೆ ‘ಯಾತರಾಗೂ ಮನಸಿಲ್ರೀ’ ಎಂದಾರು. ನೋವಿಗೆ ಗುಳಿಗೆ ದೊರೆಯುತ್ತದೆ. ವ್ಯಾಧಿ ಹಾಗೆಯೇ ಉಳಿಯುತ್ತದೆ.

ಖಿನ್ನತೆ ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೆರೆಯ ಗೋವೆಯಲ್ಲಿ ನಡೆದ ಸಂಶೋಧನೆಗಳು ಇದರ ಬೇರನ್ನು ತೋರಿಸಿವೆ: ಬಡತನ, ಪತಿಯ ಹಿಂಸೆ, ಗಂಡುಮಗುವಿನ ನಿರೀಕ್ಷೆಯಲ್ಲಿ ಹೆಣ್ಣು ಹುಟ್ಟಿದುದು. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ಸೀಮೆಯಲ್ಲಿ ಕೂಸನ್ನು ತೂಗುವ ಕೈಗಳು ಅನೇಕ. ಬಾಣಂತಿಯ ಮನಸ್ಸನ್ನು ವಿಚಾರಿಸುವವರು ಎಷ್ಟು ಮಂದಿ?

ನವಲಗುಂದ–ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಕಳೆ ತೆಗೆಯುವುದು, ಹತ್ತಿ–ಮೆಣಸಿನಕಾಯಿ ಬಿಡಿಸುವುದು ಹೆಚ್ಚಾಗಿ ಹೆಣ್ಣಾಳಿನ ಕೆಲಸ. ಮಳೆ ಕೈಕೊಟ್ಟರೆ ಕೂಲಿಯೂ ಇಲ್ಲ. ಹೊಲದ ಉತಾರೆಯಲ್ಲಿ ಸಾಮಾನ್ಯವಾಗಿ ಗಂಡನ ಹೆಸರು. ವಾರದ ಕಂತಿನ ಸಾಲ ಮಾತ್ರ ಹೆಂಡತಿಯ ಹೆಸರಿನಲ್ಲಿ. ಸಾಲ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಇನ್ನು ಮನೆಯೊಳಗಿನ ಮಾತು: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರ ಪೈಕಿ ಶೇಕಡಾ 44 ಮಂದಿ ಪತಿಯ ಹಿಂಸೆಗೆ ಒಳಗಾದುದನ್ನು ತಿಳಿಸಿದರು. ಇಂತಹ ಬಾಳಿನಲ್ಲಿ ಮನಸ್ಸು ಕುಗ್ಗಿದರೆ ಅದನ್ನು ಹೆಣ್ಣಿನ ಸ್ವಭಾವದ ದೌರ್ಬಲ್ಯವೆನ್ನುವುದು ಅನ್ಯಾಯ.

ಚಿಕಿತ್ಸೆಯಿಲ್ಲವೆಂದಲ್ಲ. ಧಾರವಾಡದಲ್ಲಿಯೇ ಡಿಮ್ಹಾನ್ಸ್ ಸಂಸ್ಥೆಯಿದೆ. 14416 ಸಂಖ್ಯೆಗೆ ದೂರವಾಣಿ ಮಾಡಿದರೆ ‘ಟೆಲಿ–ಮಾನಸ್’ನ ಸಲಹೆಗಾರರು ಉಚಿತವಾಗಿ ಮಾತನಾಡುತ್ತಾರೆ. ಆದರೆ ಧಾರವಾಡಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೊಬ್ಬರು ಬೇಕು, ‘ಹುಚ್ಚರ ದವಾಖಾನೆ’ಗೆ ಹೋದಳೆಂಬ ಮಾತು ಬೇರೆ. ದೂರವಾಣಿಯೂ ಎಷ್ಟೋ ಮನೆಗಳಲ್ಲಿ ಗಂಡಸರ ಕಿಸೆಯಲ್ಲಿರುತ್ತದೆ.

ಆದುದರಿಂದ ನೆರವು ಊರಿಗೇ ಬರಬೇಕು. ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಖಿನ್ನತೆಯನ್ನು ಗುರುತಿಸಿ ಗುಣಪಡಿಸಲು ನೆರವಾಗಬಲ್ಲರೆಂಬುದನ್ನು 2010ರಲ್ಲಿ ಪ್ರಕಟವಾದ ಗೋವೆಯ ಪ್ರಯೋಗ ಸಿದ್ಧಪಡಿಸಿದೆ. ಬಸುರಿ–ಬಾಣಂತಿಯರನ್ನು ಮನೆಮನೆಗೆ ಹೋಗಿ ಕಾಣುವ ಆಶಾ ಕಾರ್ಯಕರ್ತೆ ನಮ್ಮಲ್ಲಿ ಈಗಾಗಲೇ ಇದ್ದಾಳೆ. ತೂಕ, ರಕ್ತ, ಚುಚ್ಚುಮದ್ದುಗಳ ಜೊತೆಗೆ ‘ನಿದ್ದಿ ಬರತೈತೇನವ್ವಾ?’ ಎಂದು ಕೇಳುವುದನ್ನೂ ಆಕೆಗೆ ಕಲಿಸಬೇಕು. ಆ ಕೆಲಸಕ್ಕೆ ತಕ್ಕ ಸಂಭಾವನೆಯನ್ನೂ ಕೊಡಬೇಕು. ಪ್ರಶ್ನೆಯಿಂದಲೇ ಕಂತು ತೀರದು, ಪೆಟ್ಟು ನಿಲ್ಲದು. ಆದರೆ ಕೇಳುವವರಿಲ್ಲದಿದ್ದರೆ ಅವು ದೂರಿನಲ್ಲಿ ಸಹ ದಾಖಲಾಗುವುದಿಲ್ಲ.